ದೋಣಿಕಟ್ಟದ ಹುತ್ತ

ಮೇ ತಿಂಗಳ ನಡುವಿನಲ್ಲಿ ಅಷ್ಟು ಹಸುರಾದ ಹುಲ್ಲನ್ನು ಕಂಡಾಗ ಸಿಸಿಲಿಯಾಳಿಗೆ ಮೊದಲು ಆದದ್ದು ಸಂತೋಷವೇ. ಭಾನುವಾರದ ಪೂಜೆಯಿಂದ ಬಂದವಳು ಇಗರ್ಜಿಗೆ ಉಟ್ಟ ಸೀರೆಯನ್ನೂ ಬದಲಿಸದೆ, ಹಗ್ಗ ಬಿಚ್ಚಿಕೊಂಡು ಓಡಿದ್ದ ಕರುವನ್ನು ಹುಡುಕುತ್ತಾ ಕಟ್ಟದ ಕೆಳಗಿನ ದಾರಿಗೆ ಇಳಿದಿದ್ದಳು. ಸುತ್ತಲಿನ ಗುಡ್ಡವೆಲ್ಲ ಸುಟ್ಟ ಹಂಚಿನ ಬಣ್ಣಕ್ಕೆ ತಿರುಗಿತ್ತು. ಕಟ್ಟದ ಹೊರಮೈಯ ಬುಡದಲ್ಲಿ ಮಾತ್ರ, ಒಂದು ಚಾಪೆಯಷ್ಟು ಜಾಗದಲ್ಲಿ, ಹುಲ್ಲು ಜಡಿಮಳೆಯ ಆಟಿ ತಿಂಗಳಿನಂತೆ ಎದ್ದು ನಿಂತಿತ್ತು. ಕರುವಿಗೆ ಕೊಯ್ಯಬಹುದು ಎಂದುಕೊಂಡು ಕಾಲಿಟ್ಟಳು. ಪಾದ ಹಿಮ್ಮಡಿ ಮುಳುಗುವಷ್ಟು ಇಳಿಯಿತು. ಬೆರಳುಗಳ ನಡುವೆ ತಣ್ಣನೆಯ ನೀರು ಬಂತು.

ನೀರು ಎಲ್ಲಿಯದೆಂದು ಕೇಳಬೇಕಾಗಿರಲಿಲ್ಲ. ಅವಳ ತಲೆಗಿಂತ ಒಂದಾಳು ಎತ್ತರಕ್ಕೆ ಕಟ್ಟದ ಮಣ್ಣಿನ ಗೋಡೆ ನಿಂತಿತ್ತು. ಅದರ ಆಚೆಗೆ ತುಂಬಿದ ನೀರು ಇತ್ತು.

ಹಿರಿಯಡ್ಕದಿಂದ ಪೆರ್ಡೂರಿನ ಕಡೆಗೆ ಹೋಗುವಾಗ ಎಡಕ್ಕೆ ಇಳಿಯುವ ಸಣ್ಣ ಹಳ್ಳಕ್ಕೆ, ಆ ತೋಡಿಗೆ, ಈ ಕಟ್ಟವನ್ನು ಹಾಕಿಸಿದವನು ಅವಳ ಗಂಡ ಆಲ್ಫೋನ್ಸ್. ಆ ಸೀಮೆಯಲ್ಲಿ ಕಟ್ಟ ಹಾಕುವುದು ಹೊಸತಲ್ಲ. ದೀಪಾವಳಿ ಕಳೆದ ಮೇಲೆ ಊರವರೆಲ್ಲ ಸೇರಿ ಮಣ್ಣು, ಮರದ ತುಂಡು, ಸೊಪ್ಪು ಹಾಕಿ ತೋಡನ್ನು ತಡೆಯುತ್ತಾರೆ, ಸುಗ್ಗಿ ಬೆಳೆಗೆ ನೀರು ತಿರುಗಿಸುತ್ತಾರೆ. ಮಳೆಗೆ ಮೊದಲು ಕಡಿದು ಬಿಡುತ್ತಾರೆ. ಅದು ಹುಟ್ಟುವುದೂ ಸಾಯುವುದೂ ಒಂದೇ ವರ್ಷದಲ್ಲಿ. ಆಲ್ಫೋನ್ಸನ ಕಟ್ಟ ಹಾಗಿನದಲ್ಲ. ನೈರೋಬಿಯಲ್ಲಿ ಹದಿನೆಂಟು ವರ್ಷ ಗುಮಾಸ್ತನಾಗಿದ್ದವನು ಅಲ್ಲಿ ತನ್ನ ದೊರೆಯ ತೋಟದಲ್ಲಿ ಇಂಥದ್ದೊಂದನ್ನು ಕಂಡಿದ್ದ. ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಊರಿಗೆ ಮರಳಿ ಇದನ್ನು ಕಟ್ಟಿಸಿದ. ಒಳಮೈಗೆ ಕೆಂಪು ಮುರಕಲ್ಲು, ಹೊರಮೈಗೆ ಮಣ್ಣು, ನಡುವೆ ಒಂದು ಕಿಂಡಿ. ಕಿಂಡಿಯ ಎರಡು ಬದಿಯ ಕಲ್ಲಿನಲ್ಲಿ ಕೊರೆದ ಸೀಳಿನಲ್ಲಿ ಎಂಟು ಎಂಟು ಹಲಗೆಗಳ ಎರಡು ಸಾಲು ಇಳಿಸಿ, ನಡುವೆ ಜೇಡಿಮಣ್ಣು ತುಂಬಿದರೆ ನೀರು ನಿಲ್ಲುತ್ತದೆ. ಗದ್ದೆಗೆ ಒಂದು ಕಾಲುವೆಯೂ ಇಲ್ಲ. ಈಜಲು ಮೆಟ್ಟಿಲು, ಬಟ್ಟೆ ಬದಲಿಸಲು ಒಂದು ತಗಡಿನ ಕೋಣೆ, ಬಿಳಿ ಬಣ್ಣದ ಒಂದು ದೋಣಿ. ನೀರನ್ನು ಕಟ್ಟಿ ಅದನ್ನು ನೋಡುತ್ತಾ ಕೂರುವುದು ಊರವರಿಗೆ ಬಹಳ ದಿನ ನಗುವಿನ ವಿಷಯವಾಗಿತ್ತು. ದೋಣಿಕಟ್ಟ ಎಂದು ಅವರೇ ಹೆಸರಿಟ್ಟರು.

ಕಟ್ಟದಿಂದ ಕೆಳಗೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಕ್ಕಲಿನವರ ಮನೆ ಇತ್ತು. ಶೀನ, ಅವನ ಹೆಂಡತಿ ಕುಶಲಾ, ಇಬ್ಬರು ಮಕ್ಕಳು, ಶೀನನ ತಾಯಿ. ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು. ಕಟ್ಟ ತುಂಬಿದಾಗ ನೀರಿನ ಮಟ್ಟ ಆ ಮಾಡಿನ ತುದಿಗಿಂತಲೂ ಮೇಲಿರುತ್ತಿತ್ತು. ಏಳು ವರ್ಷದಿಂದ ಸಿಸಿಲಿಯಾ ಅದನ್ನು ನೋಡುತ್ತಲೇ ಇದ್ದಳು. ಅಳೆದು ನೋಡಿದ್ದು ಆ ಭಾನುವಾರ, ಹಿಮ್ಮಡಿ ಕೆಸರಿನಲ್ಲಿದ್ದಾಗ.

ಆಲ್ಫೋನ್ಸ್ ತೀರಿಕೊಂಡದ್ದು ಹಿಂದಿನ ವರ್ಷ, ಅರವತ್ತರ ಅಕ್ಟೋಬರಿನಲ್ಲಿ. ನವೆಂಬರಿನಲ್ಲಿ ಶೀನ ಯಾರೂ ಹೇಳದೆ ಬಂದು ಎಂದಿನಂತೆ ಹಲಗೆ ಇಳಿಸಿದ್ದ. ಬೇಡ ಎನ್ನಲು ಅವಳಿಗೆ ಆಗ ಬಾಯಿ ಬಂದಿರಲಿಲ್ಲ.

ಅವಳು ಶೀನನನ್ನು ಕರೆದು ಹುಲ್ಲನ್ನು ತೋರಿಸಿದಳು.

"ಇದೆಂತ ಇಷ್ಟು ಒದ್ದೆ?"

"ಕಟ್ಟ ಅಂದ ಮೇಲೆ ಸ್ವಲ್ಪ ಬೆವರುತ್ತದೆ ಬಾಯಮ್ಮ. ಮನುಷ್ಯರು ಬೆವರುವುದಿಲ್ವಾ?"

"ಹೋದ ವರ್ಷ ಬೆವರಿತ್ತಾ?"

ಶೀನ ಹುಲ್ಲನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ. "ಬೆವರಿರಬಹುದು."

"ನನಗೆ ನೆನಪಿಲ್ಲ."

"ಬೆವರದೆಯೂ ಇರಬಹುದು."

"ಈಗಲೇ ಹಲಗೆ ಎಳೆದರೆ ಒಳ್ಳೆಯದಾ?"

"ಬಾಯಮ್ಮ ಹೇಳಿದ ಹಾಗೆ."

"ಎಳೆಯದಿದ್ದರೆ?"

"ಅದೂ ಬಾಯಮ್ಮ ಹೇಳಿದ ಹಾಗೆ."

ಮನೆಗೆ ಮರಳುವಾಗ ಅವಳಿಗೆ ಗೋಡೆಯ ಹತ್ತಿರ ಮಾತಾಡಿ ಬಂದಂತೆ ಅನಿಸಿತು. ಆದರೆ ಗೋಡೆ ಮೌನವಾಗಿರುತ್ತದೆ. ಶೀನ ಮೌನವಾಗಿರಲಿಲ್ಲ. ಅವಳ ಮನಸ್ಸಿನಲ್ಲಿ ಏನಿದೆಯೋ ಅದನ್ನೇ ಹುಡುಕಿ ಅವಳಿಗೆ ಮರಳಿ ಕೊಡಲು ನೋಡಿದ್ದ. ಅವಳ ಮನಸ್ಸಿನಲ್ಲಿ ಎರಡಿದ್ದವು.

*

ಅವಳು ಹೇಳಿಕಳಿಸಿದ್ದರಿಂದ ಮಂಗಳವಾರ ಕಾರ್ಕಳದಿಂದ ಧರ್ಮಪಾಲ ಹೆಗ್ಡೆಯವರು ಬಂದರು. ಸರಕಾರಿ ಓವರ್ಸಿಯರ್ ಆಗಿ ನಿವೃತ್ತರಾದವರು, ಆಲ್ಫೋನ್ಸನ ಇಸ್ಪೀಟಿನ ಜೊತೆಗಾರರು. ಬಂದ ಕೂಡಲೇ, "ನಾಲ್ಕರ ಬಸ್ಸಿಗೆ ನನ್ನನ್ನು ಬಿಡಬೇಕು. ನಾವು ಜೈನರು ಕತ್ತಲಾದ ಮೇಲೆ ಉಣ್ಣುವವರಲ್ಲ, ನನ್ನ ಹೆಂಡತಿ ಕತ್ತಲಾದ ಮೇಲೆ ಬಡಿಸುವವಳೂ ಅಲ್ಲ," ಎಂದರು.

ಕೊಡೆಯ ತುದಿಯಿಂದ ಹುಲ್ಲನ್ನು ಒತ್ತಿ, ಬೊಗಸೆಯಲ್ಲಿ ನೀರು ಹಿಡಿದು, ಬಿಸಿಲಿಗೆ ಎತ್ತಿ ನೋಡಿದರು.

"ನೀರು ಬರುವುದು ದೊಡ್ಡದಲ್ಲ ಸಿಸಿಲಿಯಾಬಾಯಿ. ಎಂಥ ನೀರು ಬರ್ತದೆ, ಅದು ಮುಖ್ಯ. ತಿಳಿ ಬಂದರೆ ಕಟ್ಟ ಸೋಸುತ್ತಾ ಉಂಟು. ಕೆಂಪು ಬಂದರೆ ಕಟ್ಟ ಕರಗುತ್ತಾ ಉಂಟು. ದಿನಾ ಬೆಳಿಗ್ಗೆ ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡಿ."

"ಈಗ ನಿಮ್ಮ ಕೈಯಲ್ಲಿ ಇದ್ದದ್ದು ತಿಳಿಯಾ?"

"ತಿಳಿಯೇ. ಹೆಚ್ಚುಕಡಿಮೆ."

"ಹೆಚ್ಚಾ, ಕಡಿಮೆಯಾ?"

ಅವರು ನಕ್ಕರು. "ಆಲ್ಫೋನ್ಸ್ ಇದ್ದಿದ್ದರೆ ಇಷ್ಟು ಪ್ರಶ್ನೆ ಕೇಳುತ್ತಿರಲಿಲ್ಲ."

ಆಮೇಲೆ ಕಟ್ಟದ ಹೊರಮೈ ಹತ್ತಿ ಹುತ್ತದ ಹತ್ತಿರ ನಿಂತರು. ಒದ್ದೆ ಹುಲ್ಲಿನಿಂದ ನೇರ ಮೇಲೆ, ಗೋಡೆಯ ಅರ್ಧದಲ್ಲಿ, ಸೊಂಟದೆತ್ತರಕ್ಕೆ ಅದು ಬೆಳೆದಿತ್ತು. ಸುತ್ತಲೂ ದುಂಡಗೆ ಮುರಕಲ್ಲು ಇಡಲಾಗಿತ್ತು. ಬುಡದಲ್ಲಿ ಬಾಡಿದ ಎರಡು ದಾಸವಾಳ.

"ಇದನ್ನು, ನೀರು ಇಳಿದ ಮೇಲೆ, ಬುಡದವರೆಗೆ ಅಗೆದು ಜೇಡಿಮಣ್ಣು ಕುಟ್ಟಿ ತುಂಬಬೇಕು. ಗೆದ್ದಲು ಒಳಗೆ ಎಲ್ಲಿಯವರೆಗೆ ದಾರಿ ಮಾಡಿದೆ ಅಂತ ಹೇಳಲಿಕ್ಕೆ ಬರುವುದಿಲ್ಲ."

ಜೊತೆಗೆ ಬಂದಿದ್ದ ಶೀನ ತಟ್ಟನೆ ಗುಡ್ಡದ ಕಡೆ ನೋಡತೊಡಗಿದ. ಅದನ್ನು ಕಂಡು ಸಿಸಿಲಿಯಾ ಅವಸರದಿಂದ, "ಅದನ್ನು ಮುಟ್ಟುವುದು ಬೇಡ. ಅದು ಇವರದ್ದು. ನಾಗನ ವಿಷಯ," ಎಂದಳು.

ಧರ್ಮಪಾಲರು ಕೊಡೆಯನ್ನು ಹಿಂದಕ್ಕೆ ಎಳೆದುಕೊಂಡರು. "ಹಾಗಾದರೆ ನಾನು ಎಂತದೂ ಹೇಳಲೇ ಇಲ್ಲ. ಈ ಪ್ರಾಯದಲ್ಲಿ ನನಗೆ ನಾಗನ ಸಂಗಡ ಲಡಾಯಿ ಬೇಡ ಮಾರಾಯ್ರೆ."

ಹೊರಡುವ ಮುಂಚೆ ಅವಳು ಇನ್ನೊಮ್ಮೆ ಕೇಳಿದಳು. ಹಲಗೆ ಎಳೆಯುವುದೋ ಬೇಡವೋ? ಅವರು ಚಪ್ಪಲಿಯ ಕೆಸರನ್ನು ಮೆಟ್ಟಿಲಿಗೆ ಒರೆಸುತ್ತಾ ಯೋಚಿಸಿದರು. "ಎಳೆದರೆ ನಿಶ್ಚಿಂತೆ. ಎಳೆಯದಿದ್ದರೂ, ನೋಡಿ, ಏಳು ವರ್ಷ ನಿಂತದ್ದಲ್ವಾ?"

ಹುತ್ತದ ಸುತ್ತ ಆ ಕಲ್ಲುಗಳನ್ನು ಇಡಿಸಿದವಳು ಸಿಸಿಲಿಯಾಳೇ. ನಾಲ್ಕು ವರ್ಷದ ಹಿಂದೆ ಅದು ಮೊಣಕಾಲೆತ್ತರ ಇದ್ದಾಗ, ಮಣಿಪಾಲದಿಂದ ಬರುವ ಅತಿಥಿಗಳ ಕಣ್ಣಿಗೆ ಚಂದ ಕಾಣುವುದಿಲ್ಲ ಎಂದು ಆಲ್ಫೋನ್ಸ್ ಅದನ್ನು ಒಡೆಸಲು ಹೊರಟಿದ್ದ. ಅವಳು ಅಡ್ಡ ಬಂದಿದ್ದಳು. ಕೆಳಗೆ ಹಿಂದೂಗಳ ಮನೆ ಇದೆ, ಹುತ್ತವೆಂದರೆ ಅವರಿಗೆ ದೇವರು, ನಾವು ಕೈ ಹಾಕಬಾರದು. ಕಟ್ಟದ ವಿಷಯದಲ್ಲಿ ಅವನು ಅವಳ ಮಾತು ಕೇಳಿದ್ದು ಅದೊಂದೇ ಸಲ. ಕಟ್ಟ ಬೇಕೋ ಎಂದು ಅವಳನ್ನು ಕೇಳಿರಲಿಲ್ಲ. ಎಲ್ಲಿ ಎಂದು ಕೇಳಿರಲಿಲ್ಲ. ಈಗ ನೀರು ನಿಂತಿರುವ ತಗ್ಗಿನಲ್ಲಿ ಅವಳ ಮಲ್ಲಿಗೆ ಇತ್ತು. ಕಾಪು ಹತ್ತಿರದ ಶಂಕರಪುರದವಳು ಅವಳು. ಅಲ್ಲಿ ಪ್ರತಿ ಮನೆಯ ಹೆಂಗಸಿಗೂ ಮಲ್ಲಿಗೆಯ ಗಿಡ ತನ್ನ ಸ್ವಂತ ಮಾತಿನ ಹಾಗೆ. ಗಂಡ ನೈರೋಬಿಯಲ್ಲಿದ್ದ ವರ್ಷಗಳಲ್ಲಿ ತವರಿನಿಂದ ಬೇರು ಬಿಟ್ಟ ಗೆಲ್ಲು ತಂದು ನಲವತ್ತು ಗಿಡ ಎಬ್ಬಿಸಿದ್ದಳು. ನೀರು ಏರಿದಾಗ, ಹೂವು ಉಡುಪಿಯಲ್ಲಿ ಸಿಗುತ್ತದಲ್ಲ, ಎಂದಿದ್ದ ಆಲ್ಫೋನ್ಸ್. ಕೆಟ್ಟ ಮನಸ್ಸಿನಿಂದ ಅಲ್ಲ. ಅವನಿಗೆ ನಿಜವಾಗಿ ಹಾಗೆಯೇ ಅನಿಸಿತ್ತು.

ಏಳು ವರ್ಷ ಅವಳು ಮನಸ್ಸಿನಲ್ಲೇ ಆ ನೀರನ್ನು ಖಾಲಿ ಮಾಡಿದ್ದಳು. ಯಾರ ಹತ್ತಿರವೂ ಹೇಳಿರಲಿಲ್ಲ. ಪಾಪನಿವೇದನೆಯಲ್ಲೂ ಹೇಳಿರಲಿಲ್ಲ, ಏಕೆಂದರೆ ಅದು ಯಾವ ಪಾಪ ಎಂದು ಗೊತ್ತಿರಲಿಲ್ಲ. ಈಗ ಒದ್ದೆ ಹುಲ್ಲು ಕಂಡಿದೆ. ತನಗೆ ಆಗುತ್ತಿರುವುದು ಹೆದರಿಕೆಯೋ, ಅಥವಾ ಹಳೆಯ ಆಸೆಯೇ ಹೆದರಿಕೆಯ ಸೀರೆ ಉಟ್ಟು ಬಂದಿದೆಯೋ? ಗಂಡ ಸತ್ತು ವರ್ಷ ತುಂಬುವ ಮೊದಲೇ ಅವನ ಕಟ್ಟ ಬರಿದು ಮಾಡಿದಳು ಎಂದು ಜನ ಹೇಳುವುದು ಒಂದು ಕಡೆ ಇರಲಿ. ತಾನೇ ತನಗೆ ಏನು ಹೇಳಿಕೊಳ್ಳುವುದು?

*

ದಿನಾ ಬೆಳಿಗ್ಗೆ ಏಳಕ್ಕೆ ಅವಳು ಲೋಟದಲ್ಲಿ ನೀರು ಹಿಡಿದು ತಂದಳು. ಊಟದ ಮೇಜಿನ ಬಿಳಿ ಬಟ್ಟೆಯ ಮುಂದೆ ಇಟ್ಟು ನೋಡಿದಳು. ಪತ್ರಿಕೆಯ ಮುಂದೆ ಇಟ್ಟು, ಅಕ್ಷರ ಓದಲು ಬರುತ್ತದೋ ಎಂದು ನೋಡಿದಳು. ಬರುತ್ತಿತ್ತು. ಆದರೆ ಹತ್ತು ಗಂಟೆಗೆ ಲೋಟದ ತಳದಲ್ಲಿ ಕೂದಲೆಳೆಯಷ್ಟು ಕೆಂಪು ಕೂತಿರುತ್ತಿತ್ತು. ಅದು ಕಟ್ಟದಿಂದ ಬಂದದ್ದೋ, ತಾನು ಹಿಡಿಯುವಾಗ ನೆಲ ಕೆದಕಿ ಬಂದದ್ದೋ? ಮರುದಿನ ಉಸಿರು ಬಿಗಿಹಿಡಿದು, ನೆಲ ತಾಗದಂತೆ ಹಿಡಿದಳು. ಅಂದು ಕೆಂಪು ಇರಲಿಲ್ಲ. ಅದರ ಮರುದಿನ ಮತ್ತೆ ಇತ್ತು.

"ಮಮ್ಮಿ, ಅದು ನೀರು," ಎಂದಳು ಮಗಳು ಆಂಜೆಲಾ. "ನೀರಿನ ಹಾಗೆಯೇ ಉಂಟು."

"ನಿನ್ನ ಕಣ್ಣಿಗೆ ಕೆಂಪು ಕಾಣುವುದಿಲ್ಲವಾ?"

"ನನ್ನ ಕಣ್ಣಿಗೆ ನಿಮ್ಮ ಕಣ್ಣು ಕೆಂಪು ಕಾಣ್ತದೆ. ಮಲಗಿ ಸ್ವಲ್ಪ."

ಆಂಜೆಲಾಳಿಗೆ ಇಪ್ಪತ್ತೆರಡು. ಅವಳನ್ನು ನೋಡಲು ಬೊಂಬಾಯಿಯ ಬಾಂದ್ರಾದಿಂದ ಒಂದು ಕುಟುಂಬ ಬರುವುದಿತ್ತು. ಹುಡುಗ ಮ್ಯಾಥ್ಯೂ, ಅವನ ತಾಯಿ ಪ್ಯಾಟ್ರಿಶಿಯಾ. ಎರಡು ವರ್ಷದ ಹಿಂದೆ ಕ್ರಿಸ್ಮಸಿಗೆ ಆಲ್ಫೋನ್ಸ್ ಅವರಿಗೆ ಒಂದು ಫೋಟೋ ಕಳಿಸಿದ್ದ. ಅದರಲ್ಲಿ ಆಂಜೆಲಾ ಬಿಳಿ ದೋಣಿಯಲ್ಲಿ ಕೂತಿದ್ದಳು. ಆ ಫೋಟೋ ನೋಡಿಯೇ ಅವರು ಹೆಣ್ಣು ಕೇಳಿದ್ದು. ಬರುವ ಇಪ್ಪತ್ತೆಂಟರ ಭಾನುವಾರ ಊಟ ಮನೆಯಲ್ಲಿ, ಸಂಜೆಯ ಚಹಾ ಕಟ್ಟದ ಕೆರೆಯ ದಡದಲ್ಲಿ ಎಂದು ಆಲ್ಫೋನ್ಸನ ತಮ್ಮ ಎಡ್ಮಂಡ್ ನಿಶ್ಚಯ ಮಾಡಿದ್ದ. ಅವನಿಗೆ ಮಣಿಪಾಲದಲ್ಲಿ ಕೆಲಸ. ವಾರಕ್ಕೊಮ್ಮೆ ಬಂದು ಅಣ್ಣನ ಮನೆಯನ್ನು ಅಣ್ಣನ ಹಾಗೆಯೇ ನಡೆಸಲು ನೋಡುತ್ತಿದ್ದ.

ಶನಿವಾರ ಬಂದವನು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದ ಲೋಟಗಳನ್ನು ನೋಡಿದ.

"ವೊನಿ, ಲೋಟ ನೋಡಿ ಭವಿಷ್ಯ ಹೇಳುವ ಕೆಲಸ ಯಾವಾಗ ಸುರು ಮಾಡಿದ್ರಿ?"

ಅಣ್ಣನ ಹೆಂಡತಿಯನ್ನು ಕೊಂಕಣಿಯಲ್ಲಿ ಕರೆಯುವ ಆ ಮಾತಿನಲ್ಲಿ ಅವನು ಯಾವಾಗಲೂ ಸ್ವಲ್ಪ ನಗುವನ್ನು ಸೇರಿಸುತ್ತಿದ್ದ.

"ಪತ್ತನಾಜೆಗೆ ಹಲಗೆ ಎಳೆಯುವುದು ಕ್ರಮ," ಎಂದಳು ಸಿಸಿಲಿಯಾ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಅದು. ಆ ದಿನಕ್ಕೆ ಯಕ್ಷಗಾನದ ಆಟ, ಭೂತದ ಕೋಲ ಎಲ್ಲ ನಿಂತು ಊರು ಮಳೆಗೆ ತಯಾರಾಗುತ್ತದೆ. ಶೀನ ಪ್ರತಿ ವರ್ಷ ಅಂದೇ ಹಲಗೆ ಎಳೆಯುತ್ತಿದ್ದ. "ಅದು ಬುಧವಾರ ಬರ್ತದೆ."

"ನಾಲ್ಕು ದಿನ ಆಚೆ ಹಾಕಿದರೆ ಆಕಾಶ ಬೀಳುವುದಿಲ್ಲ. ಅವರು ಬಾಂದ್ರಾದಿಂದ ಬಂದು ಕೆಸರು ನೋಡಬೇಕಾ?"

"ಒಡೆದರೆ?"

"ಅಣ್ಣ ಕಟ್ಟಿದ್ದು ಅದು, ಅಡಿಗೆಮನೆಯ ಮಡಕೆ ಅಲ್ಲ. ಧರ್ಮಪಾಲ ಎಂತ ಹೇಳಿದರು?"

ಅವಳು ನೆನಪು ಮಾಡಿಕೊಂಡಳು. ಅವರು ಹೇಳಿದ್ದನ್ನು ಹೇಗೆ ಮಡಚಿದರೂ ಎರಡೂ ಬದಿ ಸಮನಾಗುತ್ತಿತ್ತು. "ಎಳೆದರೆ ನಿಶ್ಚಿಂತೆ ಅಂದರು. ಎಳೆಯದಿದ್ದರೂ ಆಗಬಹುದು ಅಂದರು."

"ಹಾಂ. ಆಗಬಹುದು ಅಂದರಲ್ಲ," ಎಂದ ಎಡ್ಮಂಡ್.

ಅವನು ಹೋದ ಮೇಲೆ ಅವಳು ಲೋಟಗಳನ್ನು ತೊಳೆದಿಟ್ಟಳು. ಭಾನುವಾರ ಬೆಳಿಗ್ಗೆ ನೀರು ಹಿಡಿಯಲು ಹೋಗಲಿಲ್ಲ. ಸೋಮವಾರ ಹೋದಳು.

*

ಮಂಗಳವಾರ ಸಂಜೆ ಒಂದು ಮಳೆ ಬಂತು. ಅರ್ಧ ಗಂಟೆಯ ಮಳೆ, ಗುಡುಗಿನದ್ದು. ಬುಧವಾರ ಬೆಳಿಗ್ಗೆ ಒದ್ದೆ ಹುಲ್ಲಿನ ಹತ್ತಿರ ಹೋದರೆ ಅಲ್ಲಿ ಎಲ್ಲವೂ ಒದ್ದೆ, ಎಲ್ಲವೂ ಕೆಂಪು. ಲೋಟಕ್ಕೆ ಇನ್ನು ಅರ್ಥವಿರಲಿಲ್ಲ. ಅಂದು ಪತ್ತನಾಜೆ. ಶೀನ ಬಂದಿರಲಿಲ್ಲ. ಭಾನುವಾರದವರೆಗೆ ಬರಬೇಡ ಎಂದು ಎಡ್ಮಂಡ್ ಹೇಳಿಕಳಿಸಿದ್ದನಂತೆ.

ಅವಳು ಲೋಟವನ್ನು ಕಲ್ಲಿನ ಮೇಲೆ ಇಟ್ಟು ಕುಶಲಾಳ ಮನೆಗೆ ಇಳಿದಳು. ಒಂದೇ ಒಂದು ವಿಷಯವನ್ನು ಕೇಳಬೇಕೆಂದಿತ್ತು. ನಿಮ್ಮ ನಾಗನಿಗೆ ಅಪಚಾರವಾಗದಂತೆ ಆ ಹುತ್ತವನ್ನು ಬೇರೆ ಕಡೆ ಮಾಡಿಸಲು ಏನಾದರೂ ಕ್ರಮ ಉಂಟೋ? ಪುರೋಹಿತರನ್ನು ಕರೆಸಬೇಕಾದರೆ ತಾನು ಕರೆಸುತ್ತೇನೆ. ಇಷ್ಟನ್ನು ತುಳುವಿನಲ್ಲಿ ತಪ್ಪಿಲ್ಲದೆ ಹೇಳಲು ದಾರಿಯುದ್ದಕ್ಕೂ ಕಲಿತುಕೊಂಡಳು.

ಅಂಗಳದಲ್ಲಿ ಕೋಳಿಗಳಿರಲಿಲ್ಲ. ಕುಶಲಾ ಒಬ್ಬಳೇ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದಳು. ಅವಳು ಎದ್ದು ಚಾಪೆ ಹಾಸಲು ಒಳಗೆ ಹೋದಾಗ ಸಿಸಿಲಿಯಾ ಬಾಗಿಲಿನಿಂದ ಒಳಗನ್ನು ನೋಡಿದಳು. ಅಟ್ಟದ ಕೆಳಗೆ, ಬಿತ್ತದ ಭತ್ತವನ್ನು ಹುಲ್ಲಿನಲ್ಲಿ ಬಿಗಿದ ಮುಡಿಗಳನ್ನು ತೂಗಿಸುವ ಜಾಗ ಖಾಲಿ ಇತ್ತು. ಹಂಡೆ ಇರಲಿಲ್ಲ. ಮುದುಕಿಯ ಹಾಸಿಗೆ ಇರಲಿಲ್ಲ.

"ಅತ್ತೆ ಎಲ್ಲಿ? ಮಕ್ಕಳು?"

"ಹಿರಿಯಡ್ಕದಲ್ಲಿ, ನನ್ನ ಅಣ್ಣನ ಮನೆಯಲ್ಲಿ. ಸುಮ್ಮನೆ. ರಜೆ ಅಲ್ವಾ ಬಾಯಮ್ಮ."

"ಬಿತ್ತದ ಮುಡಿಗೂ ರಜೆಯಾ?"

ಕುಶಲಾ ತಲೆ ತಗ್ಗಿಸಿ ನಕ್ಕಳು. ಆ ನಗುವಿನಲ್ಲಿ ಸಿಕ್ಕಿಬಿದ್ದವರ ನಾಚಿಕೆ ಇತ್ತು. ಕಟ್ಟ ಬೆವರುತ್ತದೆ ಎಂದು ಸಿಸಿಲಿಯಾಳಿಗೆ ಹೇಳಿದವನು ತನ್ನ ಬಿತ್ತವನ್ನು ಗುಡ್ಡದ ಆಚೆಗೆ ಸಾಗಿಸಿದ್ದ.

"ಯಾವಾಗ ಸಾಗಿಸಿದ್ದು?"

"ಕಾರ್ಕಳದವರು ಬಂದು ಹೋದ ಮರುದಿನ."

"ನನಗೆ ಯಾಕೆ ಹೇಳಲಿಲ್ಲ?"

"ಧನಿಗಳ ಕಟ್ಟ ಒಡೆಯುತ್ತದೆ ಅಂತ ನಾವು ಬಾಯಲ್ಲಿ ಆಡುವುದಾ? ಅವರು ಹೋಗಿ ಇನ್ನೂ ವರ್ಷ ಆಗಲಿಲ್ಲ. ನಿಮಗೆ ಎಷ್ಟು ಬೇಸರ ಆಗಬಹುದು!"

ಸಿಸಿಲಿಯಾ ಚಾಪೆಯ ಮೇಲೆ ಕೂತಳು. ಕಲಿತುಕೊಂಡು ಬಂದ ಮಾತು ಮರೆತುಹೋಗಿತ್ತು. ಇದ್ದ ಹಾಗೆಯೇ ಕೇಳಿದಳು.

"ಆ ಹುತ್ತ. ನಿಮ್ಮ ನಾಗನಿಗೆ ಬೇರೆ ಜಾಗ ಮಾಡಿಕೊಡಲಿಕ್ಕೆ ಆಗುತ್ತದಾ?"

ಕುಶಲಾಳಿಗೆ ಅರ್ಥವಾಗಲಿಲ್ಲ. "ನಮ್ಮ ನಾಗನಾ? ನಮ್ಮ ನಾಗ ಮೂಲದ ಮನೆಯಲ್ಲಿ, ಬನದಲ್ಲಿ ಉಂಟು. ವರ್ಷಕ್ಕೊಮ್ಮೆ ಹೋಗಿ ಹಾಲೆರೆದು ತನು ಹಾಕಿ ಬರ್ತೇವೆ. ಕಟ್ಟದ ಮೇಲಿನದ್ದು ನಿಮ್ಮದಲ್ವಾ?"

"ನಮ್ಮದಾ? ನಾವು ಕ್ರಿಸ್ತಾನರು ಕುಶಲಾ."

"ಅದಕ್ಕೇ ನಮಗೂ ಆಶ್ಚರ್ಯ ಆದದ್ದು! ಸುತ್ತ ಕಲ್ಲು ಇಡಿಸಿದಿರಲ್ಲ. ಎಂತದೋ ಹರಕೆ ಇರಬೇಕು, ಹೇಳಿಕೊಳ್ಳಲಿಕ್ಕೆ ಆಗದೆ ಇರಬೇಕು ಅಂದುಕೊಂಡೆವು. ಕಿರಿಸ್ತಾನರ ಮನೆಯವರೇ ಅಷ್ಟು ಮರ್ಯಾದೆ ಕೊಡುವಾಗ ನಾವು ಸುಮ್ಮನೆ ದಾಟಿ ಹೋಗುವುದು ಹೇಗೆ ಅಂತ ಅತ್ತೆ ಹೇಳಿದರು. ಆಮೇಲೆ ನಾನು ಎರಡು ಹೂವು ಇಡಲಿಕ್ಕೆ ಸುರು ಮಾಡಿದ್ದು. ನಿಮಗೆ ಬೇಸರ ಆಗಬಾರದು ಅಂತ."

"ನಾನು ಕಲ್ಲು ಇಡಿಸಿದ್ದು ನಿಮಗೆ ಬೇಸರ ಆಗಬಾರದು ಅಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಕುಶಲಾ. ಸಿಸಿಲಿಯಾಳಿಗೂ ನಗು ಬಂತು, ಅರ್ಧದಲ್ಲೇ ನಿಂತಿತು. ನಾಲ್ಕು ವರ್ಷ. ಕುಶಲಾಳ ಹೂವನ್ನು ಕಂಡು ಸಿಸಿಲಿಯಾ ಕಲ್ಲನ್ನು ಸರಿ ಮಾಡಿಸಿದ್ದಳು, ಕಲ್ಲನ್ನು ಕಂಡು ಕುಶಲಾ ಹೂವು ಇಟ್ಟಿದ್ದಳು. ಎರಡು ಮನೆಯ ಮರ್ಯಾದೆಯ ನೆರಳಿನಲ್ಲಿ ಗೆದ್ದಲು ನೆಮ್ಮದಿಯಿಂದ ಕಟ್ಟದೊಳಗೆ ದಾರಿ ಮಾಡಿಕೊಂಡಿತ್ತು. ಆಲ್ಫೋನ್ಸ್ ಅಂದು ಒಡೆಸಿದ್ದರೆ? ಗಂಡನ ಎದುರು ಅವಳು ಗೆದ್ದದ್ದು ಅದೊಂದೇ ಮಾತು.

"ಶೀನ ಎಲ್ಲಿ?" ಎಂದಳು.

"ಹಿಂದೆ, ನೇಜಿಯ ಸಸಿಗದ್ದೆಯಲ್ಲಿ."

"ಕರೆ. ಹಲಗೆ ಎಳೆಯಬೇಕು. ಇವತ್ತೇ."

"ಸಣ್ಣ ಧನಿಗಳು ಭಾನುವಾರ ಅಂತ..."

"ನಾನು ಹೇಳ್ತಾ ಇದ್ದೇನೆ."

ಹೇಳಿದ ಮೇಲೆಯೂ ಅವಳಿಗೆ ಗೊತ್ತಿರಲಿಲ್ಲ, ಹೇಳಿದ್ದು ಯಾರು ಎಂದು. ಕುಶಲಾಳ ಖಾಲಿ ಮನೆಯನ್ನು ನೋಡಿದವಳೋ, ಏಳು ವರ್ಷ ಬಾಯಿ ಮುಚ್ಚಿ ಕೂತಿದ್ದವಳೋ?

ಒಮ್ಮೆಗೇ ಎಳೆದರೆ ನೀರು ತೋಡಿನ ಬದಿಯನ್ನು ಕೊಚ್ಚುತ್ತದೆ ಎಂದು ಶೀನ ಒಂದೊಂದಾಗಿ ಎಳೆದ. ಮೊದಲು ಎರಡು ಸಾಲಿನ ನಡುವಿನ ಜೇಡಿಮಣ್ಣನ್ನು ಗುದ್ದಲಿಯಿಂದ ತೆಗೆದು, ನೆನೆದು ಉಬ್ಬಿದ ಹಲಗೆಯನ್ನು ಹಾರೆಯಿಂದ ಮೀಟಿದ. ಪ್ರತಿ ಜೋಡಿ ಹಲಗೆಗೂ ಎರಡು ಮೂರು ಗಂಟೆ ಕಾಯುವುದು. ಬಿಳಿ ದೋಣಿ ಮೆಲ್ಲಮೆಲ್ಲನೆ ಇಳಿಯಿತು. ಗುರುವಾರ ಮಧ್ಯಾಹ್ನ ಅದು ಕೆಸರಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತಿತು.

*

ಭಾನುವಾರ ಬಂದವರು ಕೆರೆಯ ದಡಕ್ಕೆ ಹೋಗಲಿಲ್ಲ. ಮೀನಿನ ವಾಸನೆ ಮನೆಯವರೆಗೂ ಬರುತ್ತಿತ್ತು. ಪ್ಯಾಟ್ರಿಶಿಯಾ ಕರವಸ್ತ್ರವನ್ನು ಮೂಗಿಗೆ ಹಿಡಿದು, "ಫೋಟೋದಲ್ಲಿ ಬಹಳ ನೀರಿತ್ತು," ಎಂದಳು.

"ಪತ್ತನಾಜೆಗೆ ಬಿಟ್ಟುಬಿಡುತ್ತೇವೆ," ಎಂದಳು ಸಿಸಿಲಿಯಾ.

"ಯಾಕೆ?"

"ಕೆಳಗೆ ಮನೆ ಉಂಟು."

ಎಡ್ಮಂಡ್ ಮಧ್ಯೆ ಬಂದು ನೈರೋಬಿಯ ಮಾತು ತೆಗೆದ. ಹುಡುಗ ಮ್ಯಾಥ್ಯೂ ಒಳ್ಳೆಯವನಂತೆ ಕಂಡ. ಆದರೆ ತಾಯಿ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳುವವನಂತೆಯೂ ಕಂಡ. ಬೊಂಬಾಯಿಗೆ ಹೋಗಿ ತಿಳಿಸುತ್ತೇವೆ ಎಂದು ಹೇಳಿ ಹೊರಟರು. ಎಡ್ಮಂಡ್ ಅವರ ಕಾರಿನಲ್ಲೇ ಹೋದ, ಅತ್ತಿಗೆಗೆ ಬರುತ್ತೇನೆ ಎಂದು ಹೇಳಲಿಲ್ಲ.

ಆಂಜೆಲಾ ಒಳ್ಳೆಯ ಸೀರೆಯಲ್ಲೇ ಕಟ್ಟದ ಮೇಲೆ ಹೋಗಿ ಕೂತಿದ್ದಳು. ಸಿಸಿಲಿಯಾ ಹೋಗಿ ಪಕ್ಕದಲ್ಲಿ ನಿಂತಳು.

"ಬೇಸರ ಆಯ್ತಾ?"

"ಆ ಹುಡುಗನಿಗೋಸ್ಕರ ಅಲ್ಲ. ಅವನು ತಾಯಿಯ ಮುಖ ನೋಡಿ ಚಹಾಕ್ಕೆ ಸಕ್ಕರೆ ಹಾಕಿಕೊಂಡ." ಆಂಜೆಲಾ ದೋಣಿಯನ್ನು ನೋಡುತ್ತಾ ಹೇಳಿದಳು. "ಪಪ್ಪ ನನಗೆ ಈಜಲಿಕ್ಕೆ ಕಲಿಸಿದ್ದು ಇಲ್ಲಿ. ನಿಮಗೆ ಯಾವಾಗಲೂ ಇದು ಬೇಡವಾಗಿತ್ತು ಮಮ್ಮಿ. ನನಗೆ ಮೊದಲಿನಿಂದಲೇ ಗೊತ್ತಿತ್ತು."

"ಕುಶಲಾಳ ಮನೆ ಖಾಲಿ ಮಾಡಿದ್ದರು. ಬಿತ್ತದ ಮುಡಿ ಕೂಡ."

"ಅದು ನಿಜ. ಇದೂ ನಿಜ ಅಲ್ವಾ?"

ಸಿಸಿಲಿಯಾಳಿಗೆ ಮಗಳ ಭುಜದ ಮೇಲೆ ಕೈ ಇಡಬೇಕೆನಿಸಿತು. ಇಟ್ಟರೆ ಅದು ಕ್ಷಮೆ ಕೇಳಿದಂತೆಯೋ ಸಮಾಧಾನ ಮಾಡಿದಂತೆಯೋ ಎಂದು ತಿಳಿಯದೆ ಸೀರೆಯ ಸೆರಗನ್ನೇ ಸರಿ ಮಾಡಿಕೊಂಡಳು.

ಮಂಗಳವಾರ ಹುತ್ತವನ್ನು ಅಗೆದರು. ಮೊದಲ ಏಟು ಹಾಕಲು ಶೀನ ಹಿಂದೆಮುಂದೆ ನೋಡಿದ. ಹೂವಿಟ್ಟ ಮೇಲೆ ಅದು ಯಾರದ್ದೂ ಅಲ್ಲ ಎನ್ನಲು ಅವನಿಗೆ ಧೈರ್ಯವಾಗಲಿಲ್ಲ. ಕುಶಲಾ ಒಂದು ಚೆಂಬು ಹಾಲು ಎರೆದು ಕೈಮುಗಿದಳು, ಸಿಸಿಲಿಯಾ ಶಿಲುಬೆಯ ಗುರುತು ಮಾಡಿದಳು, ಆಮೇಲೆ ಗುದ್ದಲಿ ಬಿತ್ತು. ಒಳಗೆ ಹಾವಿರಲಿಲ್ಲ. ಜೇನಿನ ರೊಟ್ಟಿಯಂಥ ಕೋಣೆಗಳು, ಬಿಳಿ ಹುಳಗಳು. ಬುಡದಲ್ಲಿ ಒಂದು ತೂತು ಕಟ್ಟದ ಒಳಕ್ಕೆ ಹೋಗಿತ್ತು. ಶೀನ ಅದರೊಳಗೆ ಬೆತ್ತ ತೂರಿಸಿದ. ಮೂರು ಮೊಳ ಹೋಗಿ ನಿಂತಿತು. ಬೆತ್ತದ ತುದಿಗೆ ಒದ್ದೆ ಮಣ್ಣು ಹತ್ತಿತ್ತು. ತೂತು ಅಲ್ಲಿಗೆ ಮುಗಿಯಿತೋ, ಅಲ್ಲಿ ತಿರುಗಿತೋ, ಯಾರಿಗೂ ತಿಳಿಯಲಿಲ್ಲ. ಜೇಡಿಮಣ್ಣು ಕುಟ್ಟಿ ತುಂಬಿದರು.

ಧರ್ಮಪಾಲರಿಗೆ ಕಾಗದ ಬರೆದಾಗ ಉತ್ತರ ಬಂತು. ಎಳೆದದ್ದು ಬಹಳ ಒಳ್ಳೆಯದಾಯಿತು, ಮೂರು ಮೊಳವೆಂದರೆ ಸಣ್ಣದಲ್ಲ. ಹಾಗೆಯೇ, ಕಟ್ಟದ ಬುಡ ಅಲ್ಲಿ ಹತ್ತು ಮೊಳ ದಪ್ಪ ಇರುವುದರಿಂದ, ಎಳೆಯದಿ‌ದ್ದರೂ ಬಹುಶಃ ಏನೂ ಆಗುತ್ತಿರಲಿಲ್ಲ.

*

ಜೂನ್ ಹತ್ತರ ಹೊತ್ತಿಗೆ ಮಳೆ ಹಿಡಿಯಿತು. ತೋಡು ಕೆಂಪಾಗಿ ಉಕ್ಕಿ ಬಂದು ತೆರೆದ ಕಿಂಡಿಯಲ್ಲಿ ನುಗ್ಗಿ ಹೋಯಿತು. ಕಟ್ಟ ಎರಡು ಬದಿಯಲ್ಲಿ ಸುಮ್ಮನೆ ನಿಂತಿತ್ತು. ಸಿಸಿಲಿಯಾ ದಿನಾ ಕೊಡೆ ಹಿಡಿದು ಹೋಗಿ ನೋಡುತ್ತಿದ್ದಳು. ಒಂದು ಕಡೆ ಕುಸಿದಿದ್ದರೆ, ನೋಡಿ, ಎನ್ನಬಹುದಿತ್ತು. ಯಾರಿಗೆ ಎನ್ನಬೇಕೆಂದು ತಿಳಿಯುತ್ತಿರಲಿಲ್ಲ. ಕುಸಿಯಲೇ ಇಲ್ಲ. ನೀರೇ ಇಲ್ಲದ ಕಟ್ಟ ಯಾಕೆ ಕುಸಿಯಬೇಕು?

ನಾಲ್ಕನೆಯ ದಿನ ಅವಳು ಕೆಳಗೆ ಇಳಿದಳು. ಕುಶಲಾಳ ಅಂಗಳದಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು. ಕುಶಲಾ ನೇಜಿಯ ಗದ್ದೆಯಲ್ಲಿ ಬಾಗಿ ಸಸಿ ಕಿತ್ತು ಕಟ್ಟು ಕಟ್ಟುತ್ತಿದ್ದಳು. ತಲೆಯ ಮೇಲೆ ಮಳೆಗೆ ಹೊದೆಯುವ ಓಲೆಯ ಗೊರಬು.

"ಕುಶಲಾ, ನಿಜ ಹೇಳು. ಒಡೆಯುತ್ತಿತ್ತಾ?"

ಕುಶಲಾ ಸೊಂಟ ನೆಟ್ಟಗೆ ಮಾಡಿ ಕಟ್ಟವನ್ನು ನೋಡಿದಳು. "ಗೊತ್ತಿಲ್ಲ ಬಾಯಮ್ಮ."

ಒಂದು ತಿಂಗಳಿನಿಂದ ಯಾರೂ ಅವಳಿಗೆ ಈ ಉತ್ತರ ಕೊಟ್ಟಿರಲಿಲ್ಲ. ಸಿಸಿಲಿಯಾ ಗದ್ದೆಯ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಮಳೆ ಕೊಡೆಯ ಮೇಲೆ ಜೋರಾಯಿತು.

"ದೀಪಾವಳಿ ಕಳೆದ ಮೇಲೆ ಹಲಗೆ ಹಾಕುವುದಾ?"

"ಬಾಯಮ್ಮ ಹೇಳಿದ..."

"ಅದು ಬೇಡ. ಆ ಮಾತು ನನಗೆ ಸಾಕಾಗಿದೆ. ನೀರಿನ ಕೆಳಗೆ ಇರುವುದು ನಿನ್ನ ಮನೆ. ನೀನು ಹೇಳು."

ಕುಶಲಾ ಒಂದು ಕಟ್ಟನ್ನು ನೀರಿನಲ್ಲಿ ಅಲುಬಿ ಬದಿಗಿಟ್ಟಳು. ಇನ್ನೊಂದನ್ನು ಕಟ್ಟಿದಳು. ಬೇಡ ಎನ್ನುತ್ತಾಳೆ ಎಂದು ಸಿಸಿಲಿಯಾ ಕಾದಳು. ಆ ಒಂದು ಮಾತನ್ನು ಇವಳ ಬಾಯಿಂದ ಕೇಳಿದರೆ, ತನ್ನ ಆಸೆಗೆ ಒಂದು ಸಾಕ್ಷಿಯಾದರೂ ಸಿಗುತ್ತಿತ್ತು.

"ಮೂರು ಹಲಗೆ ಹಾಕುವ," ಎಂದಳು ಕುಶಲಾ.

"ಮೂರಾ?"

"ಪೂರ ಬಿಟ್ಟರೆ ನಮ್ಮ ಬಾವಿ ಮಾರ್ಚಿಗೇ ಆರುತ್ತದೆ ಬಾಯಮ್ಮ. ಕಟ್ಟ ಆದ ಮೇಲೆ ನಾನು ಬೇಸಗೆಯಲ್ಲಿ ತೋಡಿಗೆ ಕೊಡ ಹೊತ್ತದ್ದಿಲ್ಲ. ಮುಂಚೆ ದಿನಾ ಹೊರುತ್ತಿದ್ದೆ. ಎಂಟು ಹಲಗೆ ಹೆದರಿಕೆ. ಮೂರಾದರೆ ಒಡೆದರೂ ಅಂಗಳಕ್ಕೆ ಬರುವುದು ಪಾದದಷ್ಟು."

ಏಳು ವರ್ಷ. ಆ ನೀರು ಕೆಳಗೆ ಒಂದು ಬಾವಿಯನ್ನು ತುಂಬಿಸುತ್ತದೆ ಎಂದು ಸಿಸಿಲಿಯಾಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಆಲ್ಫೋನ್ಸನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಣಿಪಾಲದ ಅತಿಥಿಗಳಿಗೆಲ್ಲ ಹೇಳಿಕೊಳ್ಳುತ್ತಿದ್ದ. ಮೂರು ಹಲಗೆಯ ನೀರಿನಲ್ಲಿ ದೋಣಿ ತೇಲುವುದಿಲ್ಲ. ಮಲ್ಲಿಗೆ ಇದ್ದ ತಗ್ಗಿನ ಭೂಮಿ ಮಾತ್ರ ಹಾಗೆಯೇ ಮುಳುಗಿರುತ್ತದೆ. ಹಾಗಾದರೆ ಯಾರು ಗೆದ್ದ ಹಾಗಾಯಿತು ಎಂದು ಲೆಕ್ಕ ಹಾಕಲು ನೋಡಿದಳು, ಆಗಲಿಲ್ಲ.

"ನಾಲ್ಕು ಬೇಡವಾ? ಬಾವಿಗೆ ಇನ್ನೂ ಒಳ್ಳೆಯದು."

"ಮೂರೇ," ಎಂದಳು ಕುಶಲಾ. ಧ್ವನಿಯಲ್ಲಿ ಮೊದಲ ಸಲ ಸ್ವಲ್ಪ ಗಡಸು ಇತ್ತು.

"ಆಯ್ತು. ಮೂರು," ಎಂದಳು ಸಿಸಿಲಿಯಾ.